ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಸ್ಟಿಯರಿಂಗ್ ಸರ್ವೋಗೆ (ಚಕ್ರ ತಿರುಗಿಸುವ ಪುಟ್ಟ ಮೋಟರ್‌ಗೆ) ಬೇರೆ ಬ್ಯಾಟರಿ ಕೊಟ್ಟೆ, ಈಗ ಅದು ಮಾತೇ ಕೇಳ್ತಿಲ್ಲ. ಯಾಕೆ?

ಬಹುಶಃ ಎರಡು ಬ್ಯಾಟರಿಗಳ ಮೈನಸ್ ಸೇರಿಸಿಲ್ಲ. ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಭಾಗ) ಸರ್ವೋಗೆ 1ರಿಂದ 2 ಮಿಲಿಸೆಕೆಂಡಿನ ಪಲ್ಸ್ ಕಳಿಸುತ್ತದೆ, 1.5 ಬಂದರೆ ಚಕ್ರ ನೇರ. ಆ ಪಲ್ಸನ್ನು ಸರ್ವೋ ಅಳೆಯುವುದು ಮೈನಸ್ ವೈರಿಗೆ ಹೋಲಿಸಿ. ಮೈನಸ್ ಬೇರೆ ಬೇರೆ ಇದ್ದರೆ ಅಳತೆಗೆ ನೆಲೆಯೇ ಇಲ್ಲ. ಸುಮ್ನೆ ನಡುಗುತ್ತದೆ, ಇಲ್ಲ ಸತ್ತಂತೆ ಕೂರುತ್ತದೆ.

ಸರ್ವೋ ಪ್ಲಗ್‌ನ ನಡುವಿನ ಕೆಂಪು ವೈರನ್ನು ಮಾತ್ರ ಬಿಡಿಸಿ. ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿದರೆ ಪಿನ್ ಹೊರಗೆ ಬರುತ್ತದೆ. ಅದನ್ನು ಹೊಸ ಬ್ಯಾಟರಿಯ ಪ್ಲಸ್‌ಗೆ ಕೊಡಿ. ಸಿಗ್ನಲ್ (ಪಲ್ಸ್ ಬರುವ) ಮತ್ತು ಕಪ್ಪು (ಕೆಲವದರಲ್ಲಿ ಕಂದು) ವೈರ್ ರಿಸೀವರಿನಲ್ಲೇ ಇರಲಿ. ಹೊಸ ಬ್ಯಾಟರಿಯ ಮೈನಸ್ಸನ್ನೂ ಆ ಕಪ್ಪಿಗೇ ಬೆಸುಗೆ ಹಾಕಿ. ಕೆಂಪು ವೈರ್ ರಿಸೀವರಿನಲ್ಲೂ ಉಳಿದರೆ ಎರಡು ಸಪ್ಲೈ ಗುದ್ದಾಡುತ್ತವೆ.

ಸಾಮಾನ್ಯ ಸರ್ವೋಗೆ 4.8ರಿಂದ 6 ವೋಲ್ಟ್ ಸಾಕು. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್, ನನ್ನದೊಂದು ಸರ್ವೋ ಹಾಗೇ ಸುಟ್ಟು ವಾಸನೆ ಬಂತು!

ನಮ್ಮ ಚಿತ್ರದುರ್ಗದ ಬಂಡೆ ನೆಲದಲ್ಲಿ ಈ ಕಷ್ಟ ಪಡಲೇಬೇಕು. ಕಲ್ಲಿಗೆ ಚಕ್ರ ಸಿಕ್ಕರೆ ಸರ್ವೋ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಂದೇ ಸಪ್ಲೈ ಇದ್ದರೆ ರಿಸೀವರ್ ಕೂಡ ಆಫ್ ಆಗಿಬಿಡುತ್ತದೆ.