ಪೊಲೀಸರು ಹೊಡೆಯುವ ವಿಡಿಯೋ ಕೈಯಲ್ಲಿದೆ, ಮುಖ್ಯ ಭಾಗ ಮಾತ್ರ ಹಾಕಲಾ?

ಬಂಧನದ ವೇಳೆ ಪೊಲೀಸರು ಒಬ್ಬನಿಗೆ ಹೊಡೆಯುವ ವಿಡಿಯೋ ನಿಮ್ಮ ಫೋನಲ್ಲಿದೆ, ಅದನ್ನು ಹಾಕಲೋ ಬೇಡವೋ, ಹಾಕಿದರೆ ಜನ ಯಾರ ಪರ ನಿಲ್ಲುತ್ತಾರೆ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ, "ಹೊಡೆಯುವ ಭಾಗ ಮಾತ್ರ ಇಟ್ಟು ಉಳಿದಿದ್ದು ತೆಗೆದರೆ ಜನಕ್ಕೆ ಬೇಗ ಮುಟ್ಟುತ್ತೆ ಅಲ್ವಾ?" ಆ ಸಾಲಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ಅದೇ ಮಾಡಿದ್ದೆ.

ಹೊಸ ಕ್ರಿಮಿನಲ್ ಕಾನೂನುಗಳು ಬರುವುದಕ್ಕಿಂತ ಮುಂಚಿನ ಮಾತು. ರಸ್ತೆ ಬದಿ ನಿಂತಿದ್ದೆ. ಮಫ್ತಿಯಲ್ಲಿದ್ದ ಇಬ್ಬರು, ಯೂನಿಫಾರ್ಮ್‌ನಲ್ಲಿದ್ದ ಒಬ್ಬರು ಒಬ್ಬ ಹುಡುಗನನ್ನು ಹಿಡಿಯೋಕೆ ಬಂದರು. ಗಲಾಟೆ ಶುರುವಾದ ತಕ್ಷಣ ನಾನು ಫೋನ್ ತೆಗೆದೆ. ಹುಡುಗ ಒಬ್ಬ ಪೇದೆಯನ್ನು ಜೋರಾಗಿ ತಳ್ಳಿದ, ಪೇದೆ ಬಿದ್ದರು. ಹುಡುಗ ಓಡಿದ, ಜಾಸ್ತಿ ದೂರ ಹೋಗಲಿಲ್ಲ, ಇಬ್ಬರು ಹಿಡಿದರು. ನೆಲಕ್ಕೆ ಕೆಡವಿ ಎರಡೂ ಕೈ ಹಿಂದಕ್ಕೆ ತಿರುಚಿದರು. ಅವನು "ಬರ್ತೀನಿ ಸಾರ್, ಬರ್ತೀನಿ ಸಾರ್" ಅಂತ ಕೂಗುತ್ತಿದ್ದ. ಇಷ್ಟೆಲ್ಲ ಆದ ಮೇಲೆ ಮೂರನೆಯವರು ಲಾಠಿ ತಂದು ಕಾಲಿಗೆ, ಬೆನ್ನಿಗೆ ಬಾರಿಸಿದರು. ಒಂದೆರಡು ಏಟಲ್ಲ. ನಿಲ್ಲಿಸಿದರು, ಏನೋ ಬೈದರು, ಮತ್ತೆ ಹೊಡೆದರು.

ರಾತ್ರಿ ಕೂತು ನೋಡಿದೆ. ಮೊದಲ ಭಾಗ ನನಗೆ ಇಷ್ಟವಾಗಲಿಲ್ಲ. ಹುಡುಗ ಪೇದೆಯನ್ನು ತಳ್ಳುವುದು ಕಾಣುತ್ತಿತ್ತು. ಇದನ್ನು ಹಾಕಿದರೆ "ಅವನೇ ಮೊದಲು ಕೈ ಮಾಡಿದ್ದು" ಅಂತ ಜನ ಹೇಳುತ್ತಾರೆ, ಹೊಡೆದಿದ್ದು ಸರಿಯಾಯ್ತು ಅನ್ನುತ್ತಾರೆ ಅಂದುಕೊಂಡೆ. ಹಾಗಾಗಿ ಲಾಠಿ ಮೇಲೆದ್ದ ಜಾಗದಿಂದ ಶುರು ಮಾಡಿದೆ. ಅರ್ಧ ನಿಮಿಷವೂ ಇರಲಿಲ್ಲ. ಫೋನ್ ತುಂಬಿತ್ತು, ಉದ್ದದ ವಿಡಿಯೋ ಅಳಿಸಿದೆ. ತುಂಡನ್ನು ವಾಟ್ಸಾಪ್‌ನಲ್ಲಿ ನಾಲ್ಕು ಗ್ರೂಪಿಗೆ ಬಿಟ್ಟೆ. ಬೆಳಗ್ಗೆ ಎದ್ದಾಗ ಅದು ಎಲ್ಲೆಲ್ಲೋ ಇತ್ತು.

ಮೊದಲು ಎಲ್ಲರೂ ಪೊಲೀಸರಿಗೆ ಬೈದರು. ನನಗೆ ಒಳಗೊಳಗೇ ಖುಷಿ. ಆಮೇಲೆ ಇನ್ಯಾರೋ ಎದುರು ಕಡೆಯಿಂದ ತೆಗೆದ ವಿಡಿಯೋ ಬಂತು. ಅದರಲ್ಲಿ ಹುಡುಗ ತಳ್ಳುವುದು, ಪೇದೆ ಬೀಳುವುದು, ಹುಡುಗ ಓಡುವುದು ಇತ್ತು. ಅವನನ್ನು ಹಿಡಿಯುವಷ್ಟರಲ್ಲಿ ಅದು ಮುಗಿಯುತ್ತಿತ್ತು. "ಇದು ಪೂರ್ತಿ ಸತ್ಯ" ಅಂತ ಮೇಲೆ ಬರೆದಿದ್ದರು. ಪೂರ್ತಿ ಎಲ್ಲಿ ಬಂತು, ಅದೂ ಅರ್ಧವೇ! ಆದರೆ ಆಟ ಅಲ್ಲಿಗೇ ತಿರುಗಿತು. ಹಿಂದಿನ ದಿನ ಪೊಲೀಸರಿಗೆ ಬೈದವರೇ "ಮೊದಲಿನದನ್ನು ಯಾಕೆ ಮುಚ್ಚಿಟ್ಟರು?" ಅಂತ ಕೇಳಿದರು. ಮುಚ್ಚಿಟ್ಟವನು ನಾನೇ ಅಲ್ವಾ.

ಈಗ ನಾನು ಕಳೆದುಕೊಂಡಿದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಅವರ ವಿಡಿಯೋ ಹುಡುಗ ಓಡುವಲ್ಲಿಗೆ ಮುಗಿಯಿತು. ನನ್ನದು ಲಾಠಿಯಿಂದ ಶುರುವಾಯಿತು. ಇವೆರಡರ ಮಧ್ಯೆ ಕೆಲವು ಸೆಕೆಂಡು ಇದೆ. ಹುಡುಗ ನೆಲದ ಮೇಲಿದ್ದಾನೆ, ಎರಡೂ ಕೈ ಹಿಂದಿದೆ, ಇಬ್ಬರು ಹಿಡಿದಿದ್ದಾರೆ, ಬಾಯಲ್ಲಿ "ಬರ್ತೀನಿ ಸಾರ್" ಅಂತಿದ್ದಾನೆ. ಇಡೀ ಜಗಳ ನಿಂತಿರುವುದೇ ಆ ಸೆಕೆಂಡುಗಳ ಮೇಲೆ. ಅದು ಇದ್ದದ್ದು ಒಂದೇ ಒಂದು ಕಡೆ, ನನ್ನ ಫೋನಲ್ಲಿ. ಹುಡುಗನಿಗೆ ಕೆಟ್ಟದಾಗುತ್ತೆ ಅಂತ ನಾನು ಬಿಸಾಡಿದ ಭಾಗದಲ್ಲೇ ಅವನನ್ನು ಉಳಿಸುವ ಸೆಕೆಂಡುಗಳೂ ಇದ್ದವು. ತಳ್ಳಿದ್ದು ಕಾಣಿಸಿದ್ದರೆ ಏನೂ ಮುಳುಗುತ್ತಿರಲಿಲ್ಲ. ತಳ್ಳಿದ, ಓಡಿದ, ಸಿಕ್ಕಿಬಿದ್ದ, ಸೋತ, ಒಪ್ಪಿಕೊಂಡ, ಆಮೇಲೆ ಹೊಡೆದರು. ಈ ಸಾಲು ಹಾಗೇ ಇದ್ದಿದ್ದರೆ ಯಾರ ಬಾಯಿಗೂ ಬೇರೆ ಮಾತು ಸಿಗುತ್ತಿರಲಿಲ್ಲ.

ಇದು ನನ್ನ ಅನಿಸಿಕೆ ಅಲ್ಲ, ಕಾನೂನಿನಲ್ಲೇ ಹೀಗಿದೆ. ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ಆಗ ಸಿಆರ್‌ಪಿಸಿ, ಅದರ 46ನೇ ಸೆಕ್ಷನ್; 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 43. ಒಬ್ಬ ಮಾತಿನಿಂದಲೋ ನಡೆಯಿಂದಲೋ ಬಂಧನಕ್ಕೆ ಒಪ್ಪಿದರೆ ಪೊಲೀಸರು ಅವನ ಮೈ ಮುಟ್ಟುವ ಅಗತ್ಯವೇ ಇಲ್ಲ. ಬಲ ಹಾಕಿ ವಿರೋಧಿಸಿದರೆ, ತಪ್ಪಿಸಿಕೊಳ್ಳೋಕೆ ನೋಡಿದರೆ, ಬಂಧಿಸಲು ಬೇಕಾದ ಎಲ್ಲ ದಾರಿ ಬಳಸಬಹುದು. ಸಿಕ್ಕ ಮೇಲೆ? ತಪ್ಪಿಸಿಕೊಂಡು ಹೋಗದಂತೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಬಿಗಿ ಮಾಡುವಂತಿಲ್ಲ, ಅದು ಬಿಎನ್‌ಎಸ್‌ಎಸ್ 46. ಅಂದರೆ ಅವನನ್ನು ಕೆಡವಿದ್ದು, ಕೈ ತಿರುಚಿದ್ದು ಪೊಲೀಸರ ಹಕ್ಕು. ಅದನ್ನು ನಾನು ಪ್ರಶ್ನಿಸುವುದಿಲ್ಲ. ಓಡುವವನನ್ನು ಹಿಡಿಯೋದು ಸುಲಭ ಅಲ್ಲ, ಪೇದೆಗೆ ಯೋಚಿಸೋಕೆ ಅರ್ಧ ಸೆಕೆಂಡೂ ಇರಲ್ಲ. ಆದರೆ "ಬರ್ತೀನಿ ಸಾರ್" ಆದ ಮೇಲಿನ ಏಟು ಬಂಧನಕ್ಕೆ ಕೊಟ್ಟಿದ್ದಲ್ಲ, ಶಿಕ್ಷೆಗೆ ಕೊಟ್ಟಿದ್ದು. ಶಿಕ್ಷೆ ಕೊಡೋದು ಪೊಲೀಸರ ಕೆಲಸ ಅಲ್ಲ.

ಹಾಗಾಗಿ "ಜನ ಯಾರ ಪರ ನಿಲ್ಲುತ್ತಾರೆ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಜನ ಎರಡು ಗುಂಪಾಗಿ ಕೂತಿದ್ದಾರೆ. ಒಬ್ಬರಿಗೆ ಪೊಲೀಸರು ಕೈ ಎತ್ತಿದರೆ ಸಾಕು, ರಾಕ್ಷಸರು. ಇನ್ನೊಬ್ಬರಿಗೆ ಆರೋಪಿ ಅನ್ನೋ ಹೆಸರು ಬಂದರೆ ಸಾಕು, ಒದೆ ಬೀಳಲೇಬೇಕು. 2019ರಲ್ಲಿ ಹೈದರಾಬಾದಿನಲ್ಲಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತಾಗ ಜನ ಪೊಲೀಸರ ಮೇಲೆ ಹೂ ಹಾಕಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಪೊಲೀಸರ ಕಥೆಯನ್ನು ನಂಬಲು ಆಗುವುದಿಲ್ಲ ಅಂದಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಹೂ ಹಾಕಿದವರು ಬೇರೆ ಸುದ್ದಿಗೆ ಹೋಗಿದ್ದರು. ಇವರ ಮೆಚ್ಚುಗೆ ನೋಡಿಕೊಂಡು ಏನು ಹಾಕಬೇಕು ಅಂತ ತೀರ್ಮಾನಿಸಬೇಡಿ. ನಮ್ಮ ಹುಡುಗನೂ ಕಳ್ಳನೇ ಇದ್ದಿರಬಹುದು, ಕೇಸು ಬೈಕ್ ಕದ್ದಿದ್ದಕ್ಕೆ. ಅದಕ್ಕೂ ಕೈ ಹಿಡಿದುಕೊಂಡು ಹೊಡೆದಿದ್ದಕ್ಕೂ ಏನು ಸಂಬಂಧ?

ಮುಂದೆ ಆಗಿದ್ದು ಹೇಳಿಬಿಡುತ್ತೇನೆ. ಹುಡುಗನ ಅಣ್ಣ ದೂರು ಕೊಟ್ಟ. ಇಲಾಖಾ ವಿಚಾರಣೆಗೆ ನನ್ನನ್ನೂ ಕರೆದರು. ವಿಚಾರಣೆ ಮಾಡುತ್ತಿದ್ದ ಅಧಿಕಾರಿ ಕೆಟ್ಟವರೇನಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು. ತುಂಡು ನೋಡಿ ಕೇಳಿದ್ದು ಒಂದೇ ಮಾತು. "ರೀ, ಇದರ ಮೊದಲಿನದು ಎಲ್ಲಿ?" ನಾನು ಬಾಯಲ್ಲಿ ಹೇಳಿದೆ, ಕೈ ಹಿಂದಿತ್ತು, ಬರ್ತೀನಿ ಅಂತಿದ್ದ ಅಂತ. ಅವರು ಬರೆದುಕೊಂಡರು. ಕತ್ತರಿಸಿದವನ ಬಾಯಿ ಮಾತಿಗೆ ಎಷ್ಟು ಬೆಲೆ ಇರುತ್ತೆ, ನೀವೇ ಹೇಳಿ. ಅಳಿಸಿದ ವಿಡಿಯೋ ಸುಮಾರು ಒಂದು ತಿಂಗಳು ಫೋನಿನ ಬಿನ್‌ನಲ್ಲಿ ಇರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಆ ತಿಂಗಳು ಕಳೆದ ಮೇಲೆ. ದೂರು ಬಿದ್ದುಹೋಯಿತು. ಅವನಣ್ಣ ನನಗೆ ಬೈಯಲಿಲ್ಲ. "ಇರಲಿ ಬಿಡಿ ಸಾರ್, ನೀವು ಒಳ್ಳೇದಕ್ಕೇ ಮಾಡಿದ್ರಿ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಬ್ಬ ವಕೀಲರು ನನಗೆ ಇನ್ನೊಂದು ವಿಷಯ ಹೇಳಿದರು. ವಾಟ್ಸಾಪ್‌ನಲ್ಲಿ ಸುತ್ತಾಡಿದ ಕಾಪಿ ಕೋರ್ಟಿನಲ್ಲಿ ಸುಮ್ನೆ ನಿಲ್ಲುವುದಿಲ್ಲ. ಕಾಪಿ ಕೊಡುವುದಾದರೆ ಅದನ್ನು ಯಾವ ಫೋನಿನಿಂದ, ಹೇಗೆ ತೆಗೆದದ್ದು ಅಂತ ಬರೆದ ಸರ್ಟಿಫಿಕೇಟ್ ಜೊತೆಗೆ ಬೇಕು, ಆಗ ಎವಿಡೆನ್ಸ್ ಆಕ್ಟ್‌ನ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಇದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಕೇಸಿನಲ್ಲಿ ಹೇಳಿದೆ. ತೆಗೆದ ಫೋನನ್ನೇ ಮಾಲೀಕ ತಂದು ತೋರಿಸಿದರೆ ಆ ಸರ್ಟಿಫಿಕೇಟ್ ಬೇಡ ಅಂತಲೂ ಅದೇ ತೀರ್ಪಿನಲ್ಲಿದೆ. ಹೊಸ ಕಾನೂನಿನ ಸರ್ಟಿಫಿಕೇಟ್‌ನಲ್ಲಿ ಹ್ಯಾಶ್ ಸಂಖ್ಯೆ ಕೂಡ ಬರೆಯಬೇಕು. ಅದು ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಒಂದು ಗುರುತು, ಒಂದು ಸೆಕೆಂಡು ಕತ್ತರಿಸಿದರೂ ಸಂಖ್ಯೆ ಬದಲಾಗುತ್ತೆ. ಹಾಗಾಗಿ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ, ಆ ಫೈಲಿನ ಹೆಸರನ್ನೂ ಮುಟ್ಟಬೇಡಿ. ಪೆನ್‌ಡ್ರೈವ್‌ಗೆ ಕೇಬಲ್ ಹಾಕಿ ಕಾಪಿ ಮಾಡಿ, ವಾಟ್ಸಾಪ್ ಮೂಲಕ ಅಲ್ಲ.

ಪೂರ್ತಿ ವಿಡಿಯೋ ಉದ್ದವಾದರೆ ಯಾರೂ ನೋಡಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸ್ ಇಲಾಖೆಯ ಮೊದಲ ಹೇಳಿಕೆಯಲ್ಲಿ ಪೊಲೀಸ್ ಅಧಿಕಾರಿ ಅವನ ಕುತ್ತಿಗೆ ಮೇಲೆ ಮಂಡಿ ಊರಿದ್ದರ ಮಾತೇ ಇರಲಿಲ್ಲ, ಆರೋಗ್ಯ ಕೆಟ್ಟು ಸತ್ತ ಅನ್ನುವ ಹಾಗಿತ್ತು. 17 ವರ್ಷದ ಹುಡುಗಿ ಡಾರ್ನೆಲಾ ಫ್ರೇಜಿಯರ್ ದಾರಿಯಲ್ಲಿ ನಿಂತು ತೆಗೆದ ವಿಡಿಯೋ ಆ ಹೇಳಿಕೆಯನ್ನು ಉರುಳಿಸಿತು. ಮಂಡಿ ಇದ್ದದ್ದು 9 ನಿಮಿಷ 29 ಸೆಕೆಂಡು ಅಂತ ಕೋರ್ಟಿನಲ್ಲಿ ಬಂತು. ಅವಳು ಅದರಿಂದ ಅರ್ಧ ನಿಮಿಷ ಕತ್ತರಿಸಿ ಹಾಕಿದ್ದರೆ ಏನು ಕಾಣುತ್ತಿತ್ತು? ಒಬ್ಬನನ್ನು ನೆಲಕ್ಕೆ ಒತ್ತಿ ಹಿಡಿದಿದ್ದಾರೆ, ಅಷ್ಟೇ. ಅದರಲ್ಲಿ ಅಪರಾಧ ಇದ್ದದ್ದು ಆ ಉದ್ದದಲ್ಲೇ.

ಪೊಲೀಸರ ಹತ್ತಿರವೇ ಸಿಸಿಟಿವಿ ಇರುತ್ತಲ್ಲ, ನನ್ನದು ಯಾಕೆ ಅನ್ನಬೇಡಿ. 2020ರಲ್ಲೇ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲಿ ಏಟು ತಿಂದ ತಂದೆ ಮಗ ಇಬ್ಬರೂ ಕಸ್ಟಡಿಯಲ್ಲಿ ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟ್‌ಗೆ ಸಿಕ್ಕಿದ್ದು ಏನು ಗೊತ್ತಾ, ಸಿಸಿಟಿವಿ ದಿನಾ ತಾನಾಗೇ ಅಳಿಸಿಹೋಗುವ ಹಾಗೆ ಸೆಟ್ ಆಗಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗೂ ಕ್ಯಾಮೆರಾ ಇರಲಿ, ಧ್ವನಿಯೂ ಇರಲಿ, 18 ತಿಂಗಳ ರೆಕಾರ್ಡಿಂಗ್ ಉಳಿಸಿ, ಆಗದಿದ್ದರೆ ಒಂದು ವರ್ಷವಾದರೂ ಉಳಿಸಿ ಅಂತ ಹೇಳಿತು. ಅದು ಠಾಣೆ ಒಳಗಿನ ಮಾತು. ರಸ್ತೆಯಲ್ಲಿ ಆಗಿದ್ದಕ್ಕೆ ನಿಮ್ಮ ಫೋನೇ ಗತಿ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಂದು ತೀರ್ಪು ಕೊಟ್ಟಿದೆ. ಒಬ್ಬ ಕಾನೂನು ವಿದ್ಯಾರ್ಥಿಗೆ ಕಾರಣವಿಲ್ಲದೆ ಕೋಳ ಹಾಕಿ ಕರೆದುಕೊಂಡು ಹೋಗಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಇರಬೇಕು ಅಂತಲೂ ಹೇಳಿತು.

ಹಾಗಾದರೆ ಹಾಕಬೇಕಾ ಬೇಡವಾ? ಇವತ್ತು ಬೇಡ. ಮೊದಲು ಏಟು ತಿಂದವನ ಮನೆಯವರನ್ನು ಹುಡುಕಿ ಕೇಳಿ. ಮುಖ ಅವನದು, ನಾಳೆ ಕೆಲಸ ಕೇಳಿಕೊಂಡು ಹೋಗಬೇಕಾದವನೂ ಅವನೇ. ನಾನು ಇದನ್ನೂ ಕೇಳಿರಲಿಲ್ಲ. ಅವರು ಒಪ್ಪಿದರೆ ಪೂರ್ತಿ ಹಾಕಿ, ಅವನ ಬೈಗುಳ, ತಳ್ಳಾಟ, ನಿಮ್ಮ ಕೈ ನಡುಗಿದ್ದು ಎಲ್ಲ ಇರಲಿ. ಮೇಲೆ ದೊಡ್ಡ ಮಾತು ಬರೆಯಬೇಡಿ, ಜಾಗ, ದಿನ, ಸಮಯ ಸಾಕು. ಅವರು ಬೇಡ ಅಂದರೆ ಹಾಕಲೇಬೇಡಿ, ದೂರಿಗೆ ಮಾತ್ರ ಕೊಡಿ. ಎಸ್‌ಪಿಗೋ ಕಮಿಷನರಿಗೋ ಕೊಡಬಹುದು, ಪೊಲೀಸ್ ದೂರು ಪ್ರಾಧಿಕಾರ ಇದೆ, ಅದು ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದಿದ್ದು. ಮಾನವ ಹಕ್ಕು ಆಯೋಗಕ್ಕೆ ಹೋಗುವುದಾದರೆ ಒಂದು ವರ್ಷದ ಒಳಗೆ ಹೋಗಬೇಕು, ಆಮೇಲೆ ಅವರು ತನಿಖೆ ಮಾಡುವಂತಿಲ್ಲ.

ಇದೆಲ್ಲಕ್ಕಿಂತ ಮುಂಚೆ ಮಾಡಬೇಕಾದ್ದು ಒಂದಿದೆ. ನಿಮ್ಮ ವಿಡಿಯೋ ನಿನ್ನೆ ಮೊನ್ನೆಯದು ಅನ್ನುವ ಹಾಗಿದೆ. ಬಂಧಿಸಿದವನನ್ನು ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು, ಬಂಧನವಾದ ಮೇಲೆ ಡಾಕ್ಟರ್ ನೋಡಿ ಗಾಯ ಇದ್ದರೆ ಬರೆಯಬೇಕು, ಆ ವರದಿಯ ಪ್ರತಿ ಅವನಿಗೋ ಅವನ ಕಡೆಯವರಿಗೋ ಸಿಗಬೇಕು. ಡಾಕ್ಟರ್ ಪರೀಕ್ಷೆ, ವರದಿಯ ಮಾತು ಬಿಎನ್‌ಎಸ್‌ಎಸ್ 53ರಲ್ಲಿದೆ. ವರದಿಯಲ್ಲಿ ಬೆನ್ನಿನ ಬಾಸುಂಡೆ ಬರೆದಿದ್ದರೆ ನಿಮ್ಮ ವಿಡಿಯೋಗೆ ಕೈಕಾಲು ಬರುತ್ತೆ. ಬರೆಯದೇ ಇದ್ದರೆ ಅವನ ವಕೀಲರು ಕೂಡಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಅಂತ ಮ್ಯಾಜಿಸ್ಟ್ರೇಟ್ ಹತ್ತಿರ ಕೇಳಬಹುದು. ಬಾಸುಂಡೆ ಕೆಲವೇ ದಿನದಲ್ಲಿ ಮಾಯುತ್ತೆ, ಆದ್ದರಿಂದ ವಕೀಲರು ಯಾರು ಅಂತ ಇವತ್ತೇ ಅವನ ಮನೆಯವರನ್ನು ಕೇಳಿ, ಫೋನ್ ಹಿಡಿದುಕೊಂಡು ಹೋಗಿ ಅವರಿಗೆ ತೋರಿಸಿ.