ಹಸಿವಾಗುವ ಮೊದಲೇ ಬಂದ ತುತ್ತು

ಎಂಟೂವರೆ ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಆಪ್ತಸಲಹೆಗಾಗಿ ನನ್ನ ಬಳಿ ಕರೆತಂದದ್ದು ಒಂದು ಮಳೆಗಾಲದ ಆರಂಭದಲ್ಲಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಚೇತನ್ ಎಂದು ಕರೆಯುತ್ತೇನೆ, ಅದು ಅವನ ಹೆಸರಲ್ಲ. ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಗು ತಾನಾಗಿ ಏನನ್ನೂ ಮಾಡುವುದಿಲ್ಲ ಎಂಬ ಇದೇ ದೂರನ್ನು ಹೊತ್ತು ಬರುವ ತಂದೆತಾಯಿಯರು ನನ್ನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆ ನಾನು ಇಷ್ಟು ದಿನ ಕೊಡುತ್ತಿದ್ದ ಸಲಹೆ ಅರ್ಧ ಮಾತ್ರ ಸರಿಯಾಗಿತ್ತು ಎಂಬುದು ಈ ಪ್ರಕರಣದಲ್ಲಿ ನನಗೆ ಮನವರಿಕೆಯಾಯಿತು.

ಕುಟುಂಬ ಇರುವುದು ಮೈಸೂರಿನ ಅಂಚಿನ ಹೊಸ ಬಡಾವಣೆಯೊಂದರಲ್ಲಿ. ನೋಡಲು ನಗರವೇ ಆದರೂ ಅದು ಇನ್ನೂ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಸೇರಿದೆ. ತಂದೆಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಮನೆಯಲ್ಲಿ ತಾಯಿ ಮತ್ತು ಅಜ್ಜಿ. ಸೋಮವಾರ ಬೆಳಿಗ್ಗೆ ಹುಡುಗನಿಗೆ ಹೊಟ್ಟೆನೋವು ಬರುತ್ತದೆ, ಹೊರಗೆ ಆಡಲು ಹೋಗು ಎಂದರೆ ಅಳುತ್ತಾನೆ, ಶೂ ಹಾಕಿಸಬೇಕು, ಊಟ ತಿನ್ನಿಸಬೇಕು. ಶಾಲೆಯವರು ಡೈರಿಯಲ್ಲಿ 'ಸೋಮಾರಿ' ಎಂಬ ಪದವನ್ನೇ ಬರೆದು ಕಳುಹಿಸಿದ್ದರು. ಹೊಟ್ಟೆನೋವಿನ ಮಕ್ಕಳನ್ನು ಮಕ್ಕಳ ವೈದ್ಯರು ನೋಡುವ ಮೊದಲು ನಾನು ಆಪ್ತಸಲಹೆ ಆರಂಭಿಸುವುದಿಲ್ಲ. ರಕ್ತ, ಕಣ್ಣು, ಹೊಟ್ಟೆ ಎಲ್ಲ ಪರೀಕ್ಷೆಯೂ ಆಗಿ, ವಯಸ್ಸಿಗೆ ತೂಕ ತುಸು ಹೆಚ್ಚು ಎಂಬುದರ ಹೊರತು ಬೇರೇನೂ ಕಾಣಲಿಲ್ಲ.

ಮೂರನೆಯ ಭೇಟಿಯ ದಿನ ನನ್ನ ಮೇಜಿನ ಮೇಲೆ ಒಂದು ಬಟ್ಟಲು ಹುರಿದ ಕಡಲೆಕಾಯಿ ಇತ್ತು. ಮಕ್ಕಳ ಕೈಗೆ ಏನಾದರೂ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆಂದು ಸಿಪ್ಪೆ ಸಮೇತವೇ ಇಡುತ್ತೇನೆ. ಬಟ್ಟಲನ್ನು ಹುಡುಗನ ಕಡೆ ಸರಿಸಿದೆ. ಅವನು ಅದನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ. ತಾಯಿ ನನ್ನೊಂದಿಗೆ ಮಾತು ನಿಲ್ಲಿಸದೆಯೇ, ಬಟ್ಟಲಿನ ಕಡೆ ಕಣ್ಣು ಕೂಡ ಹಾಯಿಸದೆ, ಒಂದೊಂದೇ ಕಾಯಿ ಒಡೆದು, ಬೀಜದ ಕೆಂಪು ಹೊಟ್ಟನ್ನೂ ಬೆರಳಲ್ಲಿ ಉಜ್ಜಿ ತೆಗೆದು ಅವನ ಅಂಗೈಗೆ ಹಾಕತೊಡಗಿದರು. ಆ ಬೆರಳುಗಳಿಗೆ ಅದೆಷ್ಟು ರೂಢಿಯಾಗಿತ್ತೆಂದರೆ, ತಾವು ಏನನ್ನಾದರೂ ಮಾಡುತ್ತಿದ್ದೇವೆ ಎಂಬುದೇ ಅವರ ಅರಿವಿಗೆ ಬಂದಂತಿರಲಿಲ್ಲ.

ಹತ್ತು ನಿಮಿಷ ಹೊರಗೆ ಕೂತಿರುವಂತೆ ತಾಯಿಯನ್ನು ಕೇಳಿಕೊಂಡೆ. ಹುಡುಗ ಒಂದು ಕಾಯಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ, ಹಲ್ಲಿಗೆ ಇಟ್ಟು ಮತ್ತೆ ತೆಗೆದ. ನಾನು ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಹೆಬ್ಬೆರಳನ್ನು ಕಾಯಿಯ ತುದಿಗೆ ಒತ್ತಿದಾಗ ಅದು ಚಟ್ಟೆಂದು ಬಿರಿಯಿತು, ಎರಡು ಬೀಜಗಳಲ್ಲಿ ಒಂದು ಮೇಜಿನ ಕೆಳಗೆ ಉರುಳಿತು. ಅವನು ಬಗ್ಗಿ ಅದನ್ನು ಹುಡುಕಿ ತಂದು, ತಿನ್ನದೆ ಜೇಬಿಗೆ ಹಾಕಿಕೊಂಡ. "ಹಸಿವಾಗಿದೆಯೇನೋ ಪುಟ್ಟಾ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಹಸಿವು ಅಂದ್ರೆ ಹೆಂಗಾಗುತ್ತೆ ಅಂತ ನಂಗೆ ಗೊತ್ತಿಲ್ಲ ಮಿಸ್. ಹಸಿವಾಗೋಕ್ ಮುಂಚೆನೇ ಅಜ್ಜಿ ತಿನ್ನಿಸಿಬಿಡ್ತಾರೆ."

ಮಗುವಿನ ಅನುಮತಿ ಕೇಳಿಯೇ ಈ ಮಾತನ್ನು ತಾಯಿಗೆ ತಿಳಿಸಿದೆ. ಇಂಥ ಘಟ್ಟದಲ್ಲಿ ಸಾಮಾನ್ಯವಾಗಿ ತಾಯಂದಿರು ಅಳುತ್ತಾರೆ, ಇಲ್ಲವೇ ಅತ್ತೆಯ ಮೇಲೆ ಹೊರಿಸುತ್ತಾರೆ. ಈಕೆ ಎರಡನ್ನೂ ಮಾಡಲಿಲ್ಲ. ತುಸು ಸಿಟ್ಟಿನಿಂದಲೇ ಹೇಳಿದರು: "ಬಿಟ್ಟುಬಿಡಿ ಅಂತ ಎಲ್ಲರೂ ಹೇಳ್ತಾರೆ ಮೇಡಂ. ಎಲ್ಲಿಗೆ ಬಿಡಲಿ? ನಮ್ಮೂರಲ್ಲಿ ನಾನು ಇಂಥವರ ಮಗಳು ಅಂತ ಬಾವಿಕಟ್ಟೆ ಹತ್ತಿರ ನಿಂತವರಿಗೂ ಗೊತ್ತಿತ್ತು. ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು, ಪಕ್ಕದ ಮನೆಯವರ ಹೆಸರು ನನಗೇ ಗೊತ್ತಿಲ್ಲ."

ಅವರ ಊರು ತಿ.ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಅದೇ ತಿ.ನರಸೀಪುರ. ಆ ವಿಷಯ ಅವರಿಗೆ ತಿಳಿದಿರಲಿಲ್ಲ, ಆದರೆ ಅಂಗನವಾಡಿಯ ನೆನಪು ಚೆನ್ನಾಗಿತ್ತು. ನೆರೆಮನೆಯ ಅಕ್ಕನ ಕೈ ಹಿಡಿದು ಹೋಗುತ್ತಿದ್ದದ್ದು, ಬೇರೆ ಬೇರೆ ಮನೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ತಮ್ಮ ಕೈಯಿಂದಲೇ ಉಪ್ಪಿಟ್ಟು ತಿನ್ನುತ್ತಿದ್ದದ್ದು, ಒಂದು ದಿನ ಹೋಗದಿದ್ದರೆ ಟೀಚರ್ ಮನೆ ಬಾಗಿಲಿಗೇ ಬರುತ್ತಿದ್ದದ್ದು, ಇವನ್ನೆಲ್ಲ ಹೇಳುವಾಗ ಅವರ ದನಿಯೇ ಬದಲಾಗಿತ್ತು. ಅಂಗನವಾಡಿ ಎಂದರೆ ಪೌಷ್ಟಿಕ ಆಹಾರ ಮತ್ತು ಲಸಿಕೆ ಎಂದಷ್ಟೇ ನಾವು ಲೆಕ್ಕ ಹಾಕುತ್ತೇವೆ. ಮೂರು ವರ್ಷದ ಮಗುವೊಂದು ತಾಯಿಯಲ್ಲದ ಇನ್ನೊಬ್ಬ ಹಿರಿಯರನ್ನು ನಂಬುವುದನ್ನು ಮೊದಲ ಬಾರಿಗೆ ಕಲಿಯುವ ಜಾಗವೂ ಅದೇ ಎಂಬುದನ್ನು ಯಾವ ದಾಖಲೆಯ ಪುಸ್ತಕದಲ್ಲೂ ಬರೆಯುವುದಿಲ್ಲ.

ಅಲ್ಲಿಯವರೆಗೆ ನಾನು ಇಂಥ ಪೋಷಕರಿಗೆ ಒಂದು ಅಂಕಿ ಕೊಟ್ಟು ಕಳುಹಿಸುತ್ತಿದ್ದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸರಿಯಾದ ಮಾತೇ. ಆದರೆ ಆ ಅಂಕಿಯನ್ನು ಹಿಡಿದು ಮನೆಗೆ ಹೋದ ಪೋಷಕರು ಮಗುವನ್ನು ಸ್ಕೇಟಿಂಗ್ ತರಗತಿಗೋ ಕರಾಟೆಗೋ ಸೇರಿಸುತ್ತಾರೆ. ಮನೆ ಬಾಗಿಲಲ್ಲಿ ಸ್ಕೂಟರ್ ಹತ್ತಿಸಿ, ತರಗತಿಯ ಬಾಗಿಲಲ್ಲಿ ಇಳಿಸಿ, ಗಂಟೆ ಮುಗಿದ ಕೂಡಲೇ ನೀರಿನ ಬಾಟಲಿಯೊಂದಿಗೆ ಕಾದು ನಿಲ್ಲುತ್ತಾರೆ. ಮಗುವಿನ ಕೈಕಾಲಿಗೆ ವ್ಯಾಯಾಮವಾಗುತ್ತದೆ. ಯಾರೊಂದಿಗೆ ಆಡಬೇಕು, ಜಗಳವಾದರೆ ಏನು ಮಾಡಬೇಕು, ಯಾವಾಗ ಮನೆಗೆ ಹಿಂದಿರುಗಬೇಕು ಎಂಬ ಒಂದು ತೀರ್ಮಾನವೂ ಅದರ ಪಾಲಿಗೆ ಉಳಿಯುವುದಿಲ್ಲ.

ಆದ್ದರಿಂದ ಈ ಸಲ ಸಲಹೆಯನ್ನು ಮಗುವಿಗೆ ಕೊಡದೆ ತಾಯಿಗೆ ಕೊಟ್ಟೆ. ಅವರ ಮನೆಯಿಂದ ಸುಮಾರು ನಾನೂರು ಹೆಜ್ಜೆ ದೂರದಲ್ಲಿ ಪಂಚಾಯಿತಿಯ ಗ್ರಂಥಾಲಯವಿತ್ತು, ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪುಸ್ತಕಗಳಲ್ಲದೆ ಕೇರಂ, ಚೆಸ್ ಕೂಡ ಇವೆ. ಎರಡು ವಾರ ಮಗನಿಗೆ ಏನೂ ಹೇಳದೆ, ಆ ನಾನೂರು ಹೆಜ್ಜೆಯಲ್ಲಿ ಐದು ಜನರ ಪರಿಚಯವನ್ನು ನೀವೇ ಮಾಡಿಕೊಂಡು ಬನ್ನಿ, ಅವರ ಹೆಸರು ನಿಮಗೆ ಗೊತ್ತಿರಬೇಕು, ನಿಮ್ಮ ಮಗ ಯಾರೆಂಬುದು ಅವರಿಗೆ ಗೊತ್ತಿರಬೇಕು ಎಂದೆ. ಮೂರನೆಯ ವಾರ ಮಗನ ಹಿಂದೆ ಹತ್ತು ಹೆಜ್ಜೆ ಅಂತರದಲ್ಲಿ ನಡೆಯಿರಿ, ಆಮೇಲೆ ಗೇಟಿನಲ್ಲೇ ನಿಲ್ಲಿ. ಮನೆಯೊಳಗಿನದಾಗಿ ಹೇಳಿದ್ದು ಒಂದೇ: ಶಾಲೆಯಿಂದ ಬಂದ ಮೇಲೆ ಅವನಾಗಿ ಕೇಳುವವರೆಗೆ ತಟ್ಟೆ ಮುಂದಿಡಬೇಡಿ.

ಅವನ ತಂದೆ ಮುಂದಿನ ವಾರ ರಜೆ ಹಾಕಿ ಬಂದರು. ಕಾಲ ಕೆಟ್ಟಿರುವಾಗ ಮಗುವನ್ನು ಬೀದಿಗೆ ಬಿಡಿ ಎಂದು ಹೇಗೆ ಹೇಳುತ್ತೀರಿ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಇದೇ ಕೋಣೆಯಲ್ಲಿ ಕುಳಿತು ಕೇಳಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ, ಒಬ್ಬರ ಕಣ್ಣಳತೆಯಲ್ಲೇ ಬೆಳೆದು, ತನಗೇನು ಬೇಕು ಏನು ಬೇಡ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೇ ಇಲ್ಲದ ಮಗುವಿಗೆ ಅಪಾಯ ಬಂದಾಗಲೂ ಬಾಯಿ ಬರುವುದು ಕಷ್ಟ. ಮನೆಯ ವಿಳಾಸ, ತಂದೆತಾಯಿಯ ಫೋನ್ ನಂಬರ್, ಮಕ್ಕಳ ಸಹಾಯವಾಣಿ 1098 ಇವು ಬಾಯಿಪಾಠವಾಗಬೇಕು. ಯಾರಾದರೂ ಮುಟ್ಟಿದ್ದು ಹಿತವೆನಿಸದಿದ್ದರೆ ಯಾರ ಬಳಿ ಓಡಬೇಕೆಂಬುದು ತಿಳಿದಿರಬೇಕು. ಮತ್ತು ಓಡಿ ಹೋಗಲು ಬೀದಿಯಲ್ಲಿ ಪರಿಚಯದ ಬಾಗಿಲುಗಳಿರಬೇಕು. ಆ ಬಾಗಿಲುಗಳನ್ನು ಹುಡುಕುವ ಕೆಲಸವನ್ನೇ ನಿಮ್ಮ ಹೆಂಡತಿಗೆ ವಹಿಸಿದ್ದೇನೆ ಎಂದೆ. ಅವರು ಒಪ್ಪಿದರೆಂದು ಹೇಳಲಾರೆ, ಬೇಡವೆನ್ನಲಿಲ್ಲ.

ಒಬ್ಬನೇ ಹೋಗತೊಡಗಿದ ಎರಡನೆಯ ವಾರವೇ ಹುಡುಗ ಒಂದು ತಿರುವು ಮೊದಲೇ ತಿರುಗಿಬಿಟ್ಟ. ಗಾಬರಿಯಲ್ಲಿ ಓಡುವಾಗ, ಚಪ್ಪಡಿ ಇಲ್ಲದ ಚರಂಡಿಯ ಅಂಚಿನಲ್ಲಿ ಎಡವಿ ಮೊಣಕಾಲು ತರಚಿಕೊಂಡ. ತಾಯಿ ಪರಿಚಯ ಮಾಡಿಕೊಂಡಿದ್ದ ಐವರಲ್ಲಿ ಒಬ್ಬರಾದ ಟೈಲರ್ ಅವನನ್ನು ಗುರುತು ಹಿಡಿದು, ಗಾಯ ತೊಳೆದು, ಮನೆಗೆ ಫೋನ್ ಮಾಡಿದರು. ಆ ಸಂಜೆ ತಾಯಿ ನನಗೆ ಫೋನ್ ಮಾಡಿ ಆಡಿದ ಮಾತುಗಳು ಕಟುವಾಗಿದ್ದವು. ಪೂರ್ತಿ ಕೇಳಿಸಿಕೊಂಡು, ನಾಳೆಯೂ ಕಳುಹಿಸಿ ಎಂದೆ. ಅದು ನಿಷ್ಠುರವಾಗಿ ಕಂಡಿರಬಹುದು. ಬಿದ್ದ ಮಾರನೆಯ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ, ತರಚುಗಾಯವಾಗುವುದೇ ತಪ್ಪು ಎಂದು ಅದು ಕಲಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ದಿನ ಬಿಟ್ಟು ಕಳುಹಿಸಿದರು.

ಒಮ್ಮೆ ನಾನೇ ಆ ಕೇಂದ್ರಕ್ಕೆ ಹೋಗಿದ್ದೆ. ಹತ್ತು ವರ್ಷದ ಒಬ್ಬಳು ಹುಡುಗಿ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೇರಂ ಹಲಗೆಯ ಪಕ್ಕ ನಿಂತಿದ್ದಳು. ಬಡಾವಣೆಯ ಕಟ್ಟಡ ಕೆಲಸಕ್ಕೆ ಬಂದವರ ಶೆಡ್‌ನ ಮಗು. ನೀರು ತರುವುದು, ಅನ್ನ ಮಾಡುವುದು, ತಮ್ಮನನ್ನು ಮಲಗಿಸುವುದು ಎಲ್ಲವೂ ಅವಳಿಗೆ ಬರುತ್ತದೆ. ಅವಳಿಗೆ ಸ್ವಾವಲಂಬನೆಯ ಪಾಠ ಬೇಕಾಗಿರಲಿಲ್ಲ, ಆಟ ಬೇಕಾಗಿತ್ತು. ಮಕ್ಕಳನ್ನು ಸ್ವತಂತ್ರವಾಗಿ ಬೆಳೆಸಿ ಎಂದು ಮಧ್ಯಮವರ್ಗದ ಮನೆಗಳಿಗೆ ಬೋಧಿಸುವ ನಮ್ಮಂಥವರು ಇಂಥ ಮಕ್ಕಳನ್ನು ಮರೆಯುತ್ತೇವೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ಪಂಚಾಯಿತಿಗಳು ತೆರೆದಿರುವ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ಇಂಥ ಅಕ್ಕಂದಿರ ಸೊಂಟವನ್ನೂ ಹಗುರಗೊಳಿಸುತ್ತವೆ ಎಂಬುದು ಅವುಗಳ ದೊಡ್ಡ ಉಪಕಾರವೆಂದು ನಾನು ತಿಳಿದಿದ್ದೇನೆ. ಅಂದು ಕೇಂದ್ರದ ಮೇಲ್ವಿಚಾರಕಿ ಎದ್ದು ಬಂದು ಕೂಸನ್ನು ತಾವು ಎತ್ತಿಕೊಂಡರು. ಹುಡುಗಿ ಚೇತನ್‌ನ ಎದುರು ಕೂತು, ಸ್ಟ್ರೈಕರ್‌ಗೆ ಬೆರಳು ಹೇಗೆ ಮಡಿಸಬೇಕೆಂದು ಎರಡು ಸಲ ತೋರಿಸಿದಳು. ಮೂರನೆಯ ಸಲ ತೋರಿಸಲಿಲ್ಲ, "ನೀನೇ ಹೊಡಿ" ಎಂದಳು.

ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶ ನಮ್ಮ ರಾಜ್ಯದಲ್ಲಿದೆ. ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಮಕ್ಕಳ ಮಾತಿಗೆ ಬೆಲೆ ಕೊಡಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ಎಷ್ಟೋ ಕಡೆ ಈ ಸಭೆ ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ ಎಂಬುದು ನಿಜ, ಮತ್ತು ಅದು ನೋವಿನ ಸಂಗತಿ. ಆದರೆ ನಡೆದ ಕಡೆ ಅದರ ಉಪಯೋಗ ದೊಡ್ಡದು. ಆ ಡಿಸೆಂಬರ್‌ನ ಸಭೆಯಲ್ಲಿ ಚೇತನ್ ಎದ್ದು ನಿಂತು, ತಾನು ಬಿದ್ದ ಚರಂಡಿಗೆ ಚಪ್ಪಡಿ ಹಾಕಿಸಬೇಕೆಂದು ಪಿಡಿಒ ಅವರನ್ನು ಕೇಳಿದನಂತೆ. ದನಿ ಕೇಳಿಸದೆ ಅವರು ಜೋರಾಗಿ ಹೇಳು ಎಂದರಂತೆ, ಅವನು ಇನ್ನೊಂದು ಸಲ ಹೇಳಿದನಂತೆ. ನನಗೆ ಇದನ್ನು ತಿಳಿಸಿದ್ದು ತಂದೆ. ಅವರು ಅಂದು ಹಿಂದಿನ ಸಾಲಿನಲ್ಲಿ ನಿಂತಿದ್ದರು.

ಪ್ರಕರಣವನ್ನು ನಾನಿನ್ನೂ ಮುಗಿಸಿಲ್ಲ. ಸೋಮವಾರದ ಹೊಟ್ಟೆನೋವು ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ, ಅದಕ್ಕೆ ಶಾಲೆಯೊಂದಿಗೆ ಮಾತನಾಡುವುದು ಬಾಕಿಯಿದೆ. ಶೂ ಅವನೇ ಹಾಕಿಕೊಳ್ಳುತ್ತಾನೆ, ಲೇಸು ಸಡಿಲವಾಗಿರುತ್ತದೆ. ಸಂಜೆ ಐದರ ಹೊತ್ತಿಗೆ ಅವನಾಗಿ ಅಡುಗೆಮನೆಗೆ ಬಂದು ಅವಲಕ್ಕಿ ಕೇಳುತ್ತಾನಂತೆ. ಅಜ್ಜಿಗೆ ಕಾಯುವುದು ಈಗಲೂ ಕಷ್ಟ, ನಾಲ್ಕೂವರೆಗೇ ತಟ್ಟೆ ತೊಳೆದಿಟ್ಟು ಕೂತಿರುತ್ತಾರಂತೆ. ಚರಂಡಿಗೆ ಚಪ್ಪಡಿ ಬಂದಿಲ್ಲ. ಪಂಚಾಯಿತಿಯ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಕುಂಟೆಬಿಲ್ಲೆ, ಅಳಗುಳಿಮಣೆ ಹೇಳಿಕೊಡಲು ಬರುತ್ತೀರಾ ಎಂದು ಮೇಲ್ವಿಚಾರಕಿ ತಾಯಿಯನ್ನು ಕೇಳಿದ್ದಾರೆ. ಯೋಚಿಸಿ ಹೇಳುತ್ತೇನೆ ಎಂದಿರುವ ಅವರು, ಊರಿನಲ್ಲಿರುವ ತಮ್ಮ ತಾಯಿಗೆ ಫೋನ್ ಮಾಡಿ, ಅಟ್ಟದ ಮೇಲಿರುವ ಹಳೆಯ ಅಳಗುಳಿಮಣೆಯನ್ನು ಹುಡುಕಿಡಲು ಹೇಳಿದ್ದಾರೆ.