ಆಪ್ತಸಲಹೆ ಪ್ರಕರಣ: ಅಳ್ತಾ ಇಲ್ಲ ಮೇಡಂ, ಕಣ್ಣು ಸೋರ್ತಿದೆ

(ಗುರುತು ಸಿಗದಿರಲೆಂದು ಉದ್ಯೋಗದ ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸುಳ್ಳು ಹೆಸರೂ ಬೇಡ ಎಂದರು. ಹಾಗಾಗಿ ‘ಆಕೆ’ ಎಂದಷ್ಟೇ ಬರೆಯುತ್ತೇನೆ.)

ಮೂರನೇ ಭೇಟಿಯಲ್ಲಿ ನಾನು ಎಂದಿನಂತೆ ಟಿಶ್ಯೂ ಡಬ್ಬಿಯನ್ನು ಅವರತ್ತ ಸರಿಸಿದೆ. ಆಕೆ ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

“ನೀವೂ ಹಾಗೇ ಅಂದ್ಕೊಂಡ್ರಾ? ನಾನು ಅಳ್ತಾ ಇಲ್ಲ ಮೇಡಂ. ಕಣ್ಣು ಸೋರ್ತಿದೆ, ಅಷ್ಟೇ.”

ಆಕೆಗೆ 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಗಿತ್ತು. ಲೆಕ್ಕಪತ್ರದ ಕೆಲಸ, ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ. ಮೀಟಿಂಗ್ ನಡುವೆ ಕಣ್ಣೀರು ಹಾಕುತ್ತಾರೆ, ಏನೋ ನೋವಿರಬೇಕು ಎಂದು ಮೇಲಧಿಕಾರಿಯೇ ನನ್ನ ಬಳಿ ಕಳಿಸಿದ್ದರು. ಮನೆಯಲ್ಲೂ ಅದೇ ತೀರ್ಮಾನ. ಮಗಳು ಓದಲೆಂದು ದೂರ ಹೋದ ಮೇಲೆ ಅಮ್ಮ ಕುಗ್ಗಿಹೋಗಿದ್ದಾಳೆ ಎಂದು ಗಂಡ ನಂಬಿದ್ದರು. ಆಕೆ ಟಿವಿ ನೋಡುತ್ತ ಕಣ್ಣೊರೆಸಿಕೊಂಡರೆ ಅವರು ಟಿವಿ ಆರಿಸಿ ಪಕ್ಕದಲ್ಲಿ ಬಂದು ಕೂರುತ್ತಿದ್ದರಂತೆ. “ನಮ್ಮನೆಯವರು ಒಳ್ಳೆಯವರು ಮೇಡಂ. ಆದರೆ ಧಾರಾವಾಹಿ ಅರ್ಧಕ್ಕೇ ನಿಂತುಹೋಗುತ್ತೆ.”

ನಾನು ಮಾಡಿದ್ದೂ ಅದನ್ನೇ. ಮೊದಲ ಎರಡು ಭೇಟಿಗಳನ್ನು ಮಗಳ ಅಗಲಿಕೆ, ವಯಸ್ಸಾಗುವ ದುಗುಡ ಎಂದು ಕಳೆದುಬಿಟ್ಟೆ. ಒಂದು ದಿನ ಆಕೆ “ಎಲ್ಲಾ ಕಡೆ ಒಣಗಿಹೋಗ್ತಿದೀನಿ ಅನ್ಸುತ್ತೆ” ಎಂದಾಗ ನಾನು ತಲೆದೂಗಿ, ಆ ಮಾತಿನಲ್ಲಿ ಬದುಕಿನ ಬರಡುತನವನ್ನು ಹುಡುಕುತ್ತಾ ಕೂತೆ. ಆಕೆ ಹೇಳಿದ್ದು ರೂಪಕವನ್ನಲ್ಲ, ರೋಗಲಕ್ಷಣವನ್ನು.

ಟಿಶ್ಯೂ ಡಬ್ಬಿ ಹಿಂದಕ್ಕೆ ಬಂದ ಮೇಲೆ ನಾನು ಕೇಳಬೇಕಿದ್ದ ಪ್ರಶ್ನೆಗಳನ್ನು ಕೇಳತೊಡಗಿದೆ. ನೀರು ಯಾವಾಗ ಬರುತ್ತದೆ? ಫ್ಯಾನ್ ಗಾಳಿಗೆ, ಹೊರಗೆ ಬೀಸುವ ಗಾಳಿಗೆ, ತುಂಬ ಹೊತ್ತು ಓದಿದಾಗ, ಮಧ್ಯಾಹ್ನ ಮೂರರ ನಂತರ ಕಂಪ್ಯೂಟರ್ ಮುಂದೆ. ಆಗ ಗಂಟಲು ಬಿಗಿಯುತ್ತದೆಯೇ, ಎದೆ ಭಾರವಾಗುತ್ತದೆಯೇ? ಇಲ್ಲ. ನೀರು ಬರುವ ಮೊದಲು? “ಮರಳು ಬಿದ್ದ ಹಾಗೆ ಚುಚ್ಚುತ್ತೆ, ಆಮೇಲೆ ಉರಿ, ಆಮೇಲೆ ಸೋರುತ್ತೆ.” ಬೆಳಿಗ್ಗೆ ಎದ್ದಾಗ ರೆಪ್ಪೆ ಕಣ್ಣಿಗೇ ಅಂಟಿಕೊಂಡಿರುತ್ತದೆ. ಅಕ್ಷರ ಮಸುಕಾಗುತ್ತದೆ, ನಾಲ್ಕು ಸಲ ಮಿಟುಕಿಸಿದರೆ ತಿಳಿಯಾಗುತ್ತದೆ.

ನಾನು ವೈದ್ಯೆಯಲ್ಲ. ಆದರೂ ಇಷ್ಟು ಕೇಳಿದ ಮೇಲೆ ಇದು ಮನಸ್ಸಿನ ಕಣ್ಣೀರಲ್ಲ, ಒಣಗಿದ ಕಣ್ಣಿನ ನೀರು ಎಂದು ಊಹಿಸಲು ವೈದ್ಯಶಾಸ್ತ್ರ ಬೇಕಿರಲಿಲ್ಲ. ಕಣ್ಣಿನ ತಜ್ಞರನ್ನು ಕಾಣಲು ಹೇಳಿದೆ. ಆಕೆಗೆ ಒಂದೇ ಅನುಮಾನ: “ಒಣಗಿದ್ರೆ ನೀರು ಯಾಕೆ ಬರುತ್ತೆ?”

ಕಣ್ಣಿನ ಮೇಲೆ ಸದಾ ಇರುವ ತೇವ ಬರೀ ನೀರಲ್ಲ. ತಳದಲ್ಲಿ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ತೆಳುವಾದ ಎಣ್ಣೆಯ ಪದರ. ನೀರು ಬೇಗ ಆರದಂತೆ ತಡೆಯುವುದು ಆ ಎಣ್ಣೆ. ಅದು ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಎಣ್ಣೆ ಗಟ್ಟಿಯಾಗಿ ಗ್ರಂಥಿಗಳ ಬಾಯಿ ಕಟ್ಟಿಕೊಂಡರೆ ನೀರಿನ ಪದರ ಕ್ಷಣದಲ್ಲಿ ಆರಿ, ಕಣ್ಣಿನ ಮೇಲ್ಮೈ ಬಯಲಾಗುತ್ತದೆ. ಅಲ್ಲಿನ ನರಗಳು ಗಾಬರಿಯ ಸುದ್ದಿ ಕಳಿಸುತ್ತವೆ. ದೊಡ್ಡ ಕಣ್ಣೀರ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಹರಿದುಹೋಗುತ್ತದೆ, ಎಣ್ಣೆ ಸಾಲದ ಕಣ್ಣು ಮತ್ತೆ ಒಣಗುತ್ತದೆ.

ಮುಟ್ಟು ನಿಲ್ಲುವುದಕ್ಕೂ ಇದಕ್ಕೂ ನಂಟಿದೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿಯುವುದನ್ನು ಎಲ್ಲರೂ ಹೇಳುತ್ತಾರೆ. ಗಂಡಸರ ಹಾರ್ಮೋನ್ ಎನಿಸಿಕೊಂಡ ಆಂಡ್ರೋಜನ್ ಹೆಣ್ಣಿನ ದೇಹದಲ್ಲೂ ಇರುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ರೆಪ್ಪೆಯ ಎಣ್ಣೆ ಗ್ರಂಥಿಗಳು ಆ ಹಾರ್ಮೋನಿನ ಮಾತು ಕೇಳುತ್ತವೆ. ವಯಸ್ಸಿನೊಂದಿಗೆ ಅದೂ ಇಳಿಯುತ್ತಾ ಬಂದಿರುತ್ತದೆ. ಜೊತೆಗೆ ಕಂಪ್ಯೂಟರ್. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಮಿಟುಕುವ ಕಣ್ಣು ಪರದೆ ನೋಡುವಾಗ ಅರ್ಧಕ್ಕಿಂತಲೂ ಕಡಿಮೆ ಮಿಟುಕುತ್ತದೆ, ಅದೂ ಅರೆಬರೆ.

ತಜ್ಞರ ಬಳಿಗೆ ಹೋಗುವಾಗ ಮನೆಯಲ್ಲಿರುವ ಔಷಧಿಗಳನ್ನೆಲ್ಲ, ಅಂಗಡಿಯಲ್ಲಿ ತಾವೇ ಕೇಳಿ ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ ಎಂದಿದ್ದೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಒಳ್ಳೆಯ ಸಲಹೆ ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಚೀಲದಲ್ಲಿ ಮೂರು ವಸ್ತುಗಳಿದ್ದವು. ಕಣ್ಣಿನ ಕೆಂಪು ಇಳಿಸುವ ಹನಿ, ‘ಕಣ್ಣಿನ ಅಲರ್ಜಿ’ ಎಂದುಕೊಂಡು ನಾಲ್ಕು ತಿಂಗಳಿಂದ ರಾತ್ರಿ ನುಂಗುತ್ತಿದ್ದ ಅಲರ್ಜಿ ಮಾತ್ರೆ, ಮತ್ತು ಮೀನೆಣ್ಣೆ ಕ್ಯಾಪ್ಸೂಲಿನ ದೊಡ್ಡ ಡಬ್ಬಿ.

ಕೆಂಪು ಇಳಿಸುವ ಹನಿ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗುಣ ಇಳಿದಾಗ ಅವು ಮೊದಲಿಗಿಂತ ಹೆಚ್ಚು ಹಿಗ್ಗಿ ಕಣ್ಣು ಇನ್ನೂ ಕೆಂಪಾಗುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಅಲರ್ಜಿ ಮಾತ್ರೆ ಮೂಗಿನ ನೀರನ್ನು ಒಣಗಿಸುವಂತೆ ಕಣ್ಣಿನದನ್ನೂ ಒಣಗಿಸುತ್ತದೆ. ಆಕೆಗೆ ಅದರಿಂದ ಒಳ್ಳೆ ನಿದ್ದೆ ಬರುತ್ತಿತ್ತು, ಅದಕ್ಕೇ ಬಿಡಲಾಗಿರಲಿಲ್ಲ. ಎರಡನ್ನೂ ನಿಲ್ಲಿಸಿ ಎಂದರು ವೈದ್ಯರು. ಮೀನೆಣ್ಣೆಯ ಬಗ್ಗೆ ಅವರು ಸುಮ್ಮನೆ ನಕ್ಕರಂತೆ. 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ಅಮೆರಿಕದ ಅಧ್ಯಯನದಲ್ಲಿ ಒಣಗಣ್ಣಿನವರಿಗೆ ವರ್ಷವಿಡೀ ದಿನಕ್ಕೆ 3000 ಮಿಲಿಗ್ರಾಂ ಒಮೆಗಾ-3 ಕೊಟ್ಟರು, ಇನ್ನೊಂದು ಗುಂಪಿಗೆ ಆಲಿವ್ ಎಣ್ಣೆ. ಎರಡು ಗುಂಪುಗಳಿಗೂ ಕೊಂಚ ಆರಾಮವಾಯಿತು, ಆದರೆ ಒಮೆಗಾದವರಿಗೆ ಹೆಚ್ಚೇನೂ ಆಗಲಿಲ್ಲ. ಡಬ್ಬಿ ಮುಗಿಸಿ, ಹೊಸದು ತರಬೇಡಿ ಎಂದೆ.

ಇಲ್ಲಿ ನನ್ನ ವೃತ್ತಿಯವರಿಗೆ ಒಂದು ಮಾತು. ನಮ್ಮಲ್ಲಿಗೆ ಬರುವ ಎಷ್ಟೋ ಹೆಂಗಸರು ಖಿನ್ನತೆಗೋ ನಿದ್ದೆಗೋ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅಮಿಟ್ರಿಪ್ಟಿಲಿನ್‌ನಂಥವು ಬಾಯಿ, ಕಣ್ಣು ಎರಡನ್ನೂ ಒಣಗಿಸಬಲ್ಲವು. ಅಂದರೆ ಒಣಗಿದ ಕಣ್ಣನ್ನು ನಾವು ದುಃಖವೆಂದು ಓದಿ, ದುಃಖಕ್ಕೆ ಮಾತ್ರೆ ಬಂದು, ಮಾತ್ರೆಯಿಂದ ಕಣ್ಣು ಇನ್ನಷ್ಟು ಒಣಗುವ ಸುತ್ತು ತೀರಾ ಸಾಧ್ಯ. ಹಾಗೆಂದು ಆ ಮಾತ್ರೆಯನ್ನು ತಾವೇ ನಿಲ್ಲಿಸುವಂತಿಲ್ಲ. ಬರೆದುಕೊಟ್ಟ ವೈದ್ಯರಿಗೆ ಕಣ್ಣಿನ ವಿಷಯ ಹೇಳಬೇಕು, ಬದಲಿಸುವುದು ಅವರ ಕೆಲಸ.

ಪರೀಕ್ಷೆಯಲ್ಲಿ ಕಂಡದ್ದು ಹೀಗೆ. ರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟಾಗ 12 ಮಿಲಿಮೀಟರ್ ನೆನೆಯಿತು, ಅಂದರೆ ನೀರಿಗೆ ಅಂಥ ಕೊರತೆಯಿಲ್ಲ. ಬಣ್ಣ ಹಾಕಿ ನೋಡಿದಾಗ ತೇವದ ಪದರ ನಾಲ್ಕು ಸೆಕೆಂಡಿಗೇ ಒಡೆಯಿತು, ಅದು ಹತ್ತು ಸೆಕೆಂಡಾದರೂ ನಿಲ್ಲಬೇಕು. ರೆಪ್ಪೆ ಒತ್ತಿದಾಗ ತಿಳಿ ಎಣ್ಣೆಯ ಬದಲು ಪೇಸ್ಟಿನಂಥದ್ದು ಬಂತು. ಬಾಯಿ ಒಣಗುತ್ತದೆಯೇ, ಒಣ ತಿನಿಸು ನುಂಗಲು ನೀರು ಬೇಕೇ, ಕೀಲು ನೋವಿದೆಯೇ ಎಂದೂ ಕೇಳಿ, ಶೋಗ್ರೆನ್ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಲು ರಕ್ತಪರೀಕ್ಷೆ ಮಾಡಿಸಿದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಅದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಇದೇ ವಯಸ್ಸಿನ ಆಸುಪಾಸಿನಲ್ಲಿ, ಹಾಗಾಗಿ ‘ಮುಟ್ಟು ನಿಂತದ್ದಕ್ಕೆ ಹೀಗೆ’ ಎಂಬ ಮಾತಿನಡಿ ಸುಲಭವಾಗಿ ಅಡಗಿಬಿಡುತ್ತದೆ. ಆಕೆಗೆ ಅದಿರಲಿಲ್ಲ.

ಚಿಕಿತ್ಸೆ ಕೇಳಿ ಆಕೆಗೆ ನಿರಾಸೆಯಾಯಿತು. ಬಿಸಿ ಶಾಖ, ರೆಪ್ಪೆಯ ಮಾಲೀಸು, ಹನಿ. “ಇಷ್ಟಕ್ಕೆ ದೊಡ್ಡ ಡಾಕ್ಟರು ಬೇಕಿತ್ತಾ?” ಎರಡು ವಾರ ಮಾಡಿ ಬಿಟ್ಟೂಬಿಟ್ಟರು. ಆಮೇಲೆ ನಾವಿಬ್ಬರೂ ಕೂತು, ಆಕೆ ಏನು ಮಾಡಿದರು, ಹೇಗೆ ಮಾಡಿದರು ಎಂದು ಬಿಡಿಸಿ ನೋಡಿದೆವು. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಕಣ್ಣ ಮೇಲಿಡುತ್ತಿದ್ದರು, ಎರಡು ನಿಮಿಷಕ್ಕೆ ತಣ್ಣಗಾಗುತ್ತಿತ್ತು, ಅಲ್ಲಿಗೆ ಮುಗಿಯಿತು. ಗಟ್ಟಿಯಾದ ಎಣ್ಣೆ ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ ಹತ್ತು ನಿಮಿಷ ಬಿಡದೆ ಸಿಗಬೇಕು. ಶಾಖ ಹಿಡಿದಿಡುವ ಕಣ್ಣಿನ ಪಟ್ಟಿ ತಂದರು. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡುವುದು, ಸುಡದೆ ಹಿತವಾಗಿದ್ದರೆ ಮಾತ್ರ ಕಣ್ಣಿಗೆ. ಮಾಲೀಸನ್ನೂ ಆಕೆ ಅಡ್ಡಡ್ಡ ಉಜ್ಜುತ್ತಿದ್ದರು. ಶಾಖವಾದ ಕೂಡಲೇ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಅಂದರೆ ಎರಡನ್ನೂ ಕೂದಲಿನ ಅಂಚಿನತ್ತ ಹಗುರವಾಗಿ ಸವರಬೇಕು, ಕಣ್ಣುಗುಡ್ಡೆಯನ್ನು ಅದುಮಬಾರದು.

ಹನಿಯ ವಿಷಯದಲ್ಲೂ ಒಂದು ಗೊಂದಲವಿತ್ತು. ಆಕೆ ಉರಿ ಬಂದಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ಕೃತಕ ಕಣ್ಣೀರು ನೋವಿನ ಮಾತ್ರೆಯಲ್ಲ, ಉರಿ ಬರುವ ಮೊದಲೇ ಗಂಟೆ ನೋಡಿ ಹಾಕಿಕೊಳ್ಳಬೇಕು. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದವರಿಗೆ ಸಂರಕ್ಷಕ ಇಲ್ಲದ ಹನಿಯೇ ಸರಿ, ಏಕೆಂದರೆ ಬಾಟಲಿ ಕೆಡದಂತೆ ಸೇರಿಸುವ ಬೆನ್ಜಾಲ್ಕೋನಿಯಮ್ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಯನ್ನೇ ಕೆರಳಿಸುತ್ತದೆ. ಮಲಗುವಾಗ ಜೆಲ್. ದೃಷ್ಟಿ ಮಸುಕಾಗುವುದರಿಂದ ದೀಪ ಆರಿಸುವ ಮುಂಚೆ ಕೊನೆಯ ಕೆಲಸ ಅದು. ಯಾರೋ ಪರಿಚಯದವರು ‘ನನಗೆ ಒಂದೇ ದಿನಕ್ಕೆ ವಾಸಿಯಾಯ್ತು’ ಎಂದು ಕೊಟ್ಟಿದ್ದ ಸ್ಟೀರಾಯ್ಡ್ ಹನಿಯೂ ಆ ಚೀಲಕ್ಕೆ ಸೇರದೆ ಮನೆಯಲ್ಲೇ ಉಳಿದಿತ್ತು. ವೈದ್ಯರ ಕಣ್ಗಾವಲಿಲ್ಲದೆ ಅದನ್ನು ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಅದನ್ನು ಎಸೆಯಿರಿ ಎಂದು ಸಲಹೆಯ ಧಾಟಿಯಲ್ಲಲ್ಲ, ನೇರವಾಗಿಯೇ ಹೇಳಿದೆ.

ಉಳಿದವು ಸಣ್ಣವು. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಸಿದರು. ಕೆಳಗೆ ನೋಡುವಾಗ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚಿರುತ್ತದೆ. ಎಸಿ ಗಾಳಿ ಮುಖಕ್ಕೆ ಬೀಸುತ್ತಿದ್ದ ಕುರ್ಚಿ ಬದಲಿಸಿದರು. ಪ್ರತಿ ಪುಟ ಮುಗಿದಾಗ ಕಣ್ಣು ಪೂರ್ತಿ ಮುಚ್ಚಿ, ಎರಡು ಎಣಿಸಿ, ತೆರೆಯುವ ಅಭ್ಯಾಸ. ಇದಕ್ಕೆ ಮಾತ್ರ ಆಕೆ ತಿಂಗಳು ತೆಗೆದುಕೊಂಡರು.

ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಎಲ್ಲ ಒಮ್ಮೆಗೇ ಸರಿಹೋಗುವುದಿಲ್ಲವೇ ಎಂದೂ ಕೇಳಿದರು. ಕೇಳುವಂಥ ಪ್ರಶ್ನೆಯೇ. ಆದರೆ 2001ರಲ್ಲಿ ಪ್ರಕಟವಾದ, ಮುಟ್ಟು ನಿಂತ 25,000ಕ್ಕೂ ಹೆಚ್ಚು ಅಮೆರಿಕದ ಮಹಿಳೆಯರ ಅಧ್ಯಯನದಲ್ಲಿ, ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ಒಣಗಣ್ಣು ಕಡಿಮೆಯಾಗಿರಲಿಲ್ಲ, ಹೆಚ್ಚೇ ಇತ್ತು. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಮುಂತಾದವಕ್ಕೆ ಆ ಚಿಕಿತ್ಸೆ ಬೇಕೇ ಎಂಬುದನ್ನು ಸ್ತ್ರೀರೋಗ ತಜ್ಞರೊಂದಿಗೆ ಮಾತಾಡಿ, ಕಣ್ಣೊಂದಕ್ಕಾಗಿ ಶುರುಮಾಡಬೇಡಿ ಎಂದೆ.

ಈ ಮಾತು ಸ್ತ್ರೀರೋಗ ತಜ್ಞರವರೆಗೆ ಬಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕೆಳಗೂ ಒಣಗಿದೆ, ಗಂಡ ಹತ್ತಿರ ಬಂದರೆ ನೋವಾಗುತ್ತದೆ, ವರ್ಷದಿಂದ ಏನೇನೋ ನೆಪ ಹೇಳುತ್ತಿದ್ದೇನೆ ಎಂದರು. ಕಣ್ಣಿನ ಬಗ್ಗೆ ನಾಲ್ಕು ಭೇಟಿಗಳ ಕಾಲ ಮಾತಾಡಿದ್ದರಿಂದಲೇ ಈ ಮಾತು ಹೊರಬಂತು ಎಂದು ನನ್ನ ನಂಬಿಕೆ. ಇದಕ್ಕೆ ಅಲ್ಲಿಗೇ ಹಚ್ಚುವ ಔಷಧಿ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ, ಸಂಕೋಚ ಬಿಟ್ಟು ತಜ್ಞೆಗೆ ಇದೇ ಮಾತಲ್ಲಿ ಹೇಳಿ ಎಂದೆ. ಹೇಳಿದರು.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿಕೊಂಡೆ. ತಾನು ತಿಂಗಳುಗಟ್ಟಲೆ ಸಂತೈಸಿದ್ದು ಎಣ್ಣೆ ಗ್ರಂಥಿಯನ್ನು ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. “ಹಾಗಾದ್ರೆ ಇನ್ಮೇಲೆ ಅವಳು ಅತ್ರೆ ನಂಗೆ ಹೇಗೆ ಗೊತ್ತಾಗ್ಬೇಕು?” ಎಂದರು. ನ್ಯಾಯವಾದ ಪ್ರಶ್ನೆ. ಕೇಳಿಬಿಡಿ ಎಂದೆ. ಕೇಳುವ ಮಾತನ್ನು ಅವರಿಬ್ಬರೇ ಅಲ್ಲೇ ಕೂತು ಗೊತ್ತುಮಾಡಿಕೊಂಡರು: “ಕಣ್ಣೋ, ಮನಸ್ಸೋ?” ಮೇಲಧಿಕಾರಿಗೆ ಆಕೆ ಎರಡು ಸಾಲಿನ ಇಮೇಲ್ ಬರೆದರು. ತನಗೆ ಒಣಗಣ್ಣಿನ ತೊಂದರೆಯಿದೆ, ಕಣ್ಣಲ್ಲಿ ನೀರು ಕಂಡರೆ ಮೀಟಿಂಗ್ ನಿಲ್ಲಿಸುವುದು ಬೇಡ.

ಆರು ವಾರಕ್ಕೆ ಬೆಳಗಿನ ಅಂಟು ಹೋಯಿತು. ಮಧ್ಯಾಹ್ನದ ಉರಿ ಪೂರ್ತಿ ಹೋಗಿಲ್ಲ. ತಡೆಯಲಾಗದ ನೋವು, ಬೆಳಕು ನೋಡಲಾಗದಿರುವುದು, ಒಂದೇ ಕಣ್ಣು ಕೆಂಪಾಗಿ ಗೀಜು ಕಟ್ಟುವುದು, ಮಿಟುಕಿಸಿದರೂ ಹೋಗದ ಮಸುಕು ಇವುಗಳಲ್ಲಿ ಯಾವುದು ಬಂದರೂ ಮುಂದಿನ ತಾರೀಖಿಗೆ ಕಾಯದೆ ಅಂದೇ ತೋರಿಸಬೇಕೆಂದು ವೈದ್ಯರು ಹೇಳಿದ್ದಾರೆ. ಇದು ಇಷ್ಟಕ್ಕೇ ಬಗ್ಗದಿದ್ದರೆ ಕಣ್ಣಿನ ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಹನಿ ನೋಡೋಣ ಎಂದಿದ್ದಾರಂತೆ. ಅದು ಕೆಲಸ ಶುರುಮಾಡಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು, ಮೊದಮೊದಲು ಉರಿಯುತ್ತದೆ ಕೂಡ, ಆಗ ಅರ್ಧಕ್ಕೇ ಬಿಡಬೇಡಿ ಎಂದು ಈಗಲೇ ಹೇಳಿಟ್ಟಿದ್ದೇನೆ.

ಕೊನೆಯ ಭೇಟಿಯಲ್ಲಿ ಮಗಳ ವಿಷಯ ತಾನಾಗೇ ಬಂತು. ಅವಳ ಕೋಣೆಯ ಬಾಗಿಲನ್ನು ಆಕೆ ಈಗಲೂ ಹಗಲಲ್ಲಿ ಮುಚ್ಚುವುದಿಲ್ಲವಂತೆ. ಹೇಳುತ್ತಾ ಕಣ್ಣು ತುಂಬಿತು. ಈ ಸಲ ನಾನು ಡಬ್ಬಿ ಸರಿಸಲಿಲ್ಲ.

“ಕಣ್ಣೋ, ಮನಸ್ಸೋ?” ಎಂದೆ.

“ಎರಡೂ,” ಎಂದು ಆಕೆ ಕೈ ಚಾಚಿ ಟಿಶ್ಯೂ ತೆಗೆದುಕೊಂಡರು.